ಸಿಳ್ಳೆ

ವಾದಿ ಕಬೀರಿನ ಹಿಂದಿನ ಓಣಿ. ಟಯರಂಗಡಿಗೂ
ಮಸಾಲೆ ಗಿರಣಿಗೂ ನಡುವೆ ನನ್ನ ಶಟರು.
ಹಮೂದ್ ಪಿಕಪ್ಪಿನಿಂದ ಇಳಿಸಿದ್ದು ಎರಡೇ ಸಾಮಾನು:
ಕಣ್ಣು ಕಿತ್ತ ಒಂದು ಆಟದ ಪೆಟ್ಟಿಗೆ,
ಬೆನ್ನು ಉಬ್ಬಿದ ಇಪ್ಪತ್ತೊಂದು ಇಂಚಿನ ಟಿವಿ.
"ಇದರ ಕಣ್ಣು ಅದಕ್ಕೆ ಹಾಕು, ಉಸ್ತಾದ್."

ಯಾವುದೋ ಕೆಫೆಟೇರಿಯಾದ್ದು. ಬಿಚ್ಚಿದರೆ
ಪರೋಟದ ಎಣ್ಣೆ, ಜಿರಳೆಯ ರೆಕ್ಕೆ,
ಹದಿನೆಂಟು ವರ್ಷದ ನುಣ್ಣನೆ ಧೂಳು, ಮರಳಿನ ಮರಿಮಗ.
ತೌಹೀದ್ ಕೈ ಹಾಕಲು ಹೋದ.
"ಏಯ್, ಮೊದಲು ಅದರ ಸಿಟ್ಟು ಇಳಿಸು!"
ಪ್ಲಗ್ಗು ಕಿತ್ತು ಮೂರು ದಿನವಾದರೂ
ಗಾಜಿನ ಹೊಟ್ಟೆಯಲ್ಲಿ ವೋಲ್ಟು ಮುದುಡಿ ಕೂತಿರುತ್ತದೆ,
ಯಾರಿಗಾಗಿ ಅಂತ ಅದಕ್ಕೂ ಗೊತ್ತಿಲ್ಲ.
ಸ್ಕ್ರೂಡ್ರೈವರಿಗೆ ತಂತಿ, ತಂತಿಯ ಆ ತುದಿ ಟ್ಯೂಬಿನ ಅರ್ತಿಗೆ,
ಎಡಗೈ ಜೇಬಿನಲ್ಲಿ. ಹೊನ್ನಾವರದ ಪಾವ್ಲು ಮಾಸ್ತರು ಕಲಿಸಿದ್ದು:
ಎರಡೂ ಕೈ ಕೊಟ್ಟರೆ ಎದೆಯೊಳಗೇ ದಾರಿ ಮಾಡಿಕೊಳ್ಳುತ್ತದೆ ಕರೆಂಟು.
ರಬ್ಬರಿನ ಟೊಪ್ಪಿಯಡಿ ತೂರಿಸಿದೆ.
ಟಪ್.
ಮುದುಕನ ಕೆಮ್ಮಿನಷ್ಟು.

ಇನ್ನು ಬಾಗಿಲು ಹುಡುಕಬೇಕು.
ಆಂಟೆನಾ ದಾರಿ ಬೇಡ, ಆಕಾಶದಿಂದ ಇದಕ್ಕಿನ್ನು ಬರಬೇಕಾದ್ದೇನಿಲ್ಲ.
ಚಾನೆಲ್ ನಂಬರು ನೆನಪಿದೆಯಲ್ಲ,
ಮೂಲೆಯಲ್ಲಿ ಹಸಿರಾಗಿ ಇಣುಕಿ ಹೋಗುವ ಏಳು, ಎಂಟು,
ಅದು ಬರುವ ಕಿಂಡಿಯೊಂದಿದೆ ಐಸಿಯಲ್ಲಿ:
ಕೆಂಪಿಗೊಂದು ಕಾಲು, ಹಸಿರಿಗೊಂದು, ನೀಲಿಗೊಂದು.
ನಂಬರನ್ನು ಅಲ್ಲೇ ತಡೆದು,
ಅಕ್ಕಿಕಾಳಿನಂಥ ಮೂರು ರೆಸಿಸ್ಟರು ಬೆಸೆದು,
ನಾಲ್ಕನೇ ಕಾಲಿಗೆ ಮೂರು ವೋಲ್ಟಿನ ಲಂಚ ಕೊಟ್ಟು
ಆಟವನ್ನೇ ಒಳಗೆ ಬಿಟ್ಟೆ.
ಬೆಕ್ಕಿನ ಕಿಂಡಿಯಲ್ಲಿ ಇಡೀ ದಿಬ್ಬಣ.

ಸ್ವಿಚ್ಚು ಹಾಕಿದೆ. ಕತ್ತಲೆ.
"ಹಾಡ್ತಿದೆಯೇನೋ?" ತೌಹೀದನನ್ನು ಕೇಳಿದೆ.

ನಲವತ್ತರವರೆಗೆ ನನಗೂ ಕೇಳುತ್ತಿತ್ತು.
ಮೆಟ್ಟಿಲಲ್ಲೇ ನಿಂತು ಹೇಳುತ್ತಿದ್ದೆ, ಯಾವ ಕೋಣೆಯಲ್ಲಿ
ಟಿವಿ ಹಚ್ಚಿ ಮಲಗಿದ್ದಾರೆಂದು. ಸೆಕೆಂಡಿಗೆ
ಹದಿನೈದು ಸಾವಿರ ಸಲ ನಡುಗುವ ಸೂಜಿ, ಆ ಸಿಳ್ಳೆ.
ಯಾವ ದಿನ ಹೋಯಿತೋ. ಒಂದು ರಂಜಾನಿನ ಮಧ್ಯಾಹ್ನ
ಜೀವವಿದ್ದ ಸೆಟ್ಟನ್ನು ಸತ್ತಿದೆ ಎಂದು ಹರಡಿ ಕೂತಿದ್ದೆ,
ಹುಡುಗ ನಕ್ಕ.
ಅಂದಿನಿಂದ ಅವನ ಕಿವಿಗೆ ತಿಂಗಳಿಗೆ ಐದು ರಿಯಾಲು ಜಾಸ್ತಿ.

"ಹಾಡ್ತಿದೆ, ಉಸ್ತಾದ್."

ಮತ್ತೆ ಬಣ್ಣ ಬಂತು, ಒಂದೊಂದಾಗಿ, ನಾಚುತ್ತ.
ಆಟ ಉದ್ದುದ್ದದ್ದು, ಟ್ಯೂಬನ್ನು ಮಗ್ಗುಲಿಗೆ ಮಲಗಿಸಿದೆವು.
ವರ್ಷಾನುಗಟ್ಟಲೆ ಅಡಿಯಲ್ಲಿ ಓಡಿದ ಸುದ್ದಿಯ ಸಾಲು
ಗಾಜಿನೊಳಗೆ ಸುಟ್ಟು ಉಳಿದಿತ್ತು, ಕಂದು ಪಟ್ಟಿಯಾಗಿ.
ಈಗ ಎಡಕ್ಕೆ ಗೋಡೆಯಂತೆ ಎದ್ದು ನಿಂತಿತು.
ಯಾವ ಯುದ್ಧ, ಯಾವ ದಿನದ ಎಣ್ಣೆ ರೇಟು,
ಒಂದಕ್ಷರವೂ ಬಿಡಿಸಲಾಗದು.
ಹಮೂದನ ಪುಟ್ಟ ವಿಮಾನ ಅದರ ಹಿಂದೆ ಅಡಗಿ ಅಡಗಿ ಬಂತು.

"ಬೇರೆ ಟ್ಯೂಬು ಹುಡುಕಲಾ?"
"ಖಲ್ಲಿವಲ್ಲಿ," ಎಂದ, ದಿಶ್‌ದಾಶದ ತೋಳು ಮೇಲಕ್ಕೆ ಸರಿಸುತ್ತ.
ನೂರು ಬೈಸದ ಇನ್ನೊಂದು ನಾಣ್ಯ ಹಾಕಿದ. ಸತ್ತ. ಮತ್ತೆ ಹಾಕಿದ.

ಬಾಗಿಲಲ್ಲಿ ನಿಂತಿದ್ದ ಅವನ ಮಗಳು ಶಮ್ಸಾ
ಎರಡೂ ಕಿವಿ ಮುಚ್ಚಿಕೊಂಡಳು.
"ಬಾಬಾ, ಅದು ಕಿರುಚುತ್ತಿದೆ."
"ಸ್ಪೀಕರನ್ನೇ ಹಾಕಿಲ್ಲವಲ್ಲ," ಎಂದು ಅವನು
ನನ್ನ ಮುಖ ನೋಡಿದ.
ನಾನು ತೌಹೀದನ ಮುಖ ನೋಡಿದೆ.