ಸಂಕಟಕ್ಕೆ ಅಂಕ

ಸೊಹಾರ್, ಜೂನ್, ರಾತ್ರಿ ಎರಡೂವರೆ.
ಹೊರಗೆ ಕಂಪನಿಯ ಪಿಕಪ್ಪು ಎಂಜಿನ್ ಆರಿಸದೆ ಕಾದಿದೆ,
ನಾಲ್ಕೂವರೆಯ ಬಸ್ಸಿಗೆ ಇವನನ್ನು ಮುಟ್ಟಿಸಬೇಕಂತೆ.
ಏಳನೇ ಮಂಚದ ಸಾಬಣ್ಣ, ಬಂದರಿನ ವೆಲ್ಡರ್,
ಬೂಟು ಬಿಚ್ಚಲು ಒಪ್ಪುತ್ತಿಲ್ಲ.
'ಗ್ಯಾಸ್ ಆಗ್ಯದ ಯಕ್ಕಾ, ಅಷ್ಟೇ. ಒಂದು ಗುಳಿಗಿ ಕೊಡ್ರಿ.'

ಅಂಗಿ ತೆಗೆಸಿ ತಂತಿ ಅಂಟಿಸುತ್ತೇನೆ.
ಎದೆ ತುಂಬ ಕಿಡಿ ಕಚ್ಚಿದ ಹಳೆಯ ಚುಕ್ಕೆಗಳು,
ಬೆವರಿಗೆ ಜಾರುವ ಸ್ಟಿಕರು.
ಕಾಗದದಲ್ಲಿ ಗೆರೆ ಹೊರಬರುತ್ತದೆ,
ಸರಿಯೆನ್ನಲಾಗದ್ದು, ತಪ್ಪೆನ್ನಲೂ ಆಗದ್ದು.
ಅದಕ್ಕೆ ಒಂದು.

ಐದು ಪ್ರಶ್ನೆ, ಒಂದೊಂದಕ್ಕೆ ಸೊನ್ನೆ, ಒಂದು ಇಲ್ಲವೇ ಎರಡು.
ಮೂರರೊಳಗಿದ್ದರೆ ಮನೆಗೆ. ನಾಲ್ಕಾದರೆ ಮಂಚ.
ಮನೆ ಎಂದರೆ ಇಲ್ಲಿ ಕ್ಯಾಂಪು,
ಎಂಟು ಜನರ ಕೋಣೆ, ಮೇಲಿನ ಬಂಕು.

ರಕ್ತ: ಸದ್ಯಕ್ಕೆ ಸೊನ್ನೆ.
ಮೂರು ಗಂಟೆ ಬಿಟ್ಟು ಮತ್ತೆ ತೆಗೆಯಬೇಕು,
ಅಷ್ಟು ಹೊತ್ತು ಇವನಿದ್ದರೆ.
ಬೀಡಿ ಉಂಟು. ಅಪ್ಪ?
'ಉಂಡು ಮಕ್ಕೊಂಡಾವ ಏಳಲೇ ಇಲ್ರಿ, ನಲವತ್ತಾರಕ್ಕ.'
ಎರಡೂ ಸೇರಿ ಒಂದು.

ಖಾರ್ತೂಮಿನ ಡಾಕ್ಟರ್ ಇದ್ರೀಸ್ ನನ್ನತ್ತ ತಿರುಗಿ,
ನೋವು ಹೇಗಂತೆ? ಒತ್ತುವುದೋ, ಉರಿಯುವುದೋ, ಚುಚ್ಚುವುದೋ?
'ಒತ್ತಂಗಿಲ್ಲ, ಉರಿಯಂಗಿಲ್ಲ. ಸಂಕಟ ಆಗಲಕತ್ತದ.'

ಸಂಕಟ.
ನಮ್ಮ ಮೂಡುಬಿದಿರೆಯಲ್ಲಿ ಅದು ಸಾವಿನ ಮನೆಯ ಮಾತು.
ಯಾದಗಿರಿಯವನ ಬಾಯಲ್ಲಿ ಎದೆಯೋ, ಹೊಟ್ಟೆಯೋ,
ಎರಡರ ನಡುವೆ ಹೆಸರಿಲ್ಲದ ಜಾಗವೋ.
ಹನ್ನೊಂದು ವರ್ಷದಿಂದ ಈ ಪರದೆಗಳ ಹಿಂದೆ
ಮಲಯಾಳವನ್ನು, ಹಿಂದಿಯನ್ನು, ಕೈಸನ್ನೆಯ ಬಂಗಾಳಿಯನ್ನು ದಾಟಿಸಿದ್ದೇನೆ.
ನನ್ನದೇ ನುಡಿಗೆ ಪದ ಸಿಗದೆ ನಿಂತದ್ದು ಇವತ್ತು.
ಬರೀ ಕಸಿವಿಸಿ ಎಂದರೆ ಸೊನ್ನೆ. ಒತ್ತಡ ಎಂದರೆ ಎರಡು.
'ಏನೋ ಭಾರ' ಅಂದೆ.
ಅವರು ಒಂದು ಬರೆದರು.

ವಯಸ್ಸು, ಪಾಸ್‌ಪೋರ್ಟಿನಂತೆ, ನಲವತ್ನಾಲ್ಕು. ಸೊನ್ನೆ.
ಒಟ್ಟು ಮೂರು.

ಸಾಬಣ್ಣ ಆಗಲೇ ಎದ್ದು ಅಂಗಿ ಹುಡುಕುತ್ತಿದ್ದಾನೆ.
'ಎಷ್ಟು ಬಿತ್ತು ಯಕ್ಕಾ? ಪಾಸೇನು?'
'ಇಲ್ಲಿ ಕಡಿಮೆ ಬಿದ್ದವನೇ ಪಾಸು.'
ನಕ್ಕ. ಗುಂಡಿ ಹಾಕುತ್ತ ದನಿ ಇಳಿಸಿದ.
'ಏಜೆಂಟ ಐದು ವರ್ಷ ಕಮ್ಮಿ ಬರಸ್ಯಾನ. ಯಾರಿಗೂ ಹೇಳಬ್ಯಾಡ್ರಿ.
ನಮ್ಮೂರಿಗಿ ಕರೆಂಟ್ ಬಂದ ವರ್ಷ ಹುಟ್ಟೀನಿ ನಾ.'

ನಲವತ್ತೊಂಬತ್ತು. ಅಲ್ಲಿತ್ತು ಇನ್ನೊಂದು ಅಂಕ.
ಬರೆದರೆ ಕಂಪನಿಗೆ ಹೋಗುವ ಕಾಗದ,
ಬರೆಯದಿದ್ದರೆ ಪಿಕಪ್ಪು.

ಇದ್ರೀಸರ ಮೇಜಿಗೆ ಹೋದೆ. ವಯಸ್ಸಿನ ಮಾತೆತ್ತಲಿಲ್ಲ.
'ಆ ಪದ, ನಾನು ಸರಿಯಾಗಿ ಹೇಳಿರಲಿಲ್ಲ.'
ಕನ್ನಡಕದ ಮೇಲಿಂದ ನನ್ನನ್ನು
ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದರು.
ಒಂದನ್ನು ಹೊಡೆದು ಎರಡು ಮಾಡಿದರು.

ಪಿಕಪ್ಪಿನವನನ್ನು ಕಳಿಸಿ ಬಂದು ಬೂಟು ಬಿಚ್ಚಿಸಿದೆ.
ಒಂದರಲ್ಲಿ ಹಿಡಿ ಮರಳು,
ಇನ್ನೊಂದರ ಕಾಲುಚೀಲದಲ್ಲಿ ಮಡಿಸಿದ ಇಪ್ಪತ್ತು ರಿಯಾಲು.
ಐದೂವರೆಗೆ ಎರಡನೇ ರಕ್ತ. ಅದು ಏನು ಹೇಳುತ್ತದೋ.

'ಯಕ್ಕಾ,' ನಿದ್ದೆಗಣ್ಣಲ್ಲೇ ಕೇಳಿದ,
'ಸಂಕಟಕ್ಕ ಇಂಗ್ಲಿಷಿನ್ಯಾಗ ಏನಂತಾರ್ರಿ?'

'ಎರಡು' ಅಂದೆ.