ಸಾಗರಕಟ್ಟೆಯಿಂದ ಮೀನುಗಾರರಿಗೆ

ನಮ್ಮೂರ ಹೆಸರಿನಲ್ಲಿ ಮಾತ್ರ ಸಾಗರವಿದೆ.
ಉಳಿದದ್ದು ರೈಲು ಸೇತುವೆ, ಕನ್ನಂಬಾಡಿಯ ಹಿನ್ನೀರು,
ದಡದಲ್ಲಿ ಬೋರಲು ಮಲಗಿದ ಹದಿನೇಳು ಹರಿಗೋಲು.

ಆದರೂ ನಮ್ಮ ಮಾವ ದೊಳ್ಳಯ್ಯ
ಸಂಜೆ ಬಲೆಯ ಹರಕು ಹೊಲಿಯುತ್ತ
ರೇಡಿಯೋದ ಕಿವಿ ಹಿಂಡುತ್ತಿದ್ದರು.
ಮಂಗಳೂರಿನಿಂದ ಕಾರವಾರದವರೆಗೆ
ಗಾಳಿ ಗಂಟೆಗೆ ಐವತ್ತು ಕಿಲೋಮೀಟರ್,
ಅಲೆಯ ಎತ್ತರ ಮೂರು ಮೀಟರ್,
ಮೀನುಗಾರರು ಕಡಲಿಗೆ ಇಳಿಯಬಾರದು.
ಕಡಲನ್ನೇ ಕಾಣದ ಮಾವ
"ಇಳೀಬ್ಯಾಡ್ರಪ್ಪ" ಎಂದು ರೇಡಿಯೋಗೆ ಹೇಳುತ್ತಿದ್ದರು,
ಮಂಗಳೂರು ಪಕ್ಕದ ಬೀದಿಯಲ್ಲಿದ್ದ ಹಾಗೆ.
ಆಮೇಲೆ ಬೆರಳು ಮಡಿಸಿ ಲೆಕ್ಕ:
ಇವತ್ತು ಅಲ್ಲಿ, ನಾಳೆ ಕೊಡಗು,
ಮೂರನೇ ದಿನ ಲಕ್ಷ್ಮಣತೀರ್ಥ ಕೆಂಪಾಗಿ ಬತ್ತಳೆ.
ಬರುತ್ತಿದ್ದಳು.
ಒಮ್ಮೊಮ್ಮೆ ನಾಲ್ಕನೇ ದಿನ.

ಭರಣಿ ಮಳೆ ಬಂದರೆ ಧರಣಿ ಬೆಳೆಯುತ್ತಂತೆ.
ಹರಿಗೋಲಿನ ವಿಷಯ ಗಾದೆ ಏನೂ ಹೇಳುವುದಿಲ್ಲ.
ಆ ವರ್ಷ ಭರಣಿಯಲ್ಲಿ ಒಂದು ಸಂಜೆ
ಕಡಲು ಶಾಂತ, ಎಚ್ಚರಿಕೆ ಇಲ್ಲ, ಅಂದಿತು ರೇಡಿಯೋ.
ಮಾವ ಬಲೆ ತುಂಬಿಕೊಂಡು ಹೋದರು.
ನಾನು ಕುರುಚು ಮೀನು ಉಜ್ಜುತ್ತ ಕೂತಿದ್ದೆ.
ಆಚೆ ದಡದ ಆಲೆಮನೆಯ ಹೊಗೆ
ಮೂಡಲಿಗೆ ವಾಲಿದ್ದದ್ದು ಒಂದು ಗಳಿಗೆ ನೆಟ್ಟಗೆ ನಿಂತಿತು.
ಯೋಚಿಸುವ ಹಾಗೆ.
ಮತ್ತೆ ಪಡುವಲಿಗೆ ಅಂಗಾತ ಬಿದ್ದಿತು.

ಮಾವಾ ಎಂದು ಕೂಗಿದೆ.
ಗಾಳಿ ನನ್ನ ಕೂಗನ್ನು ನನ್ನ ಬಾಯಿಗೇ ತುರುಕಿತು,
ಕಣ್ಣಿಗೆ ಮರಳು ಜೊತೆಗೆ.
ನೀರು, ದಿನಾ ಪಾತ್ರೆ ತೊಳೆಯುವ ನೀರು,
ಬೆನ್ನು ಮೇಲೆತ್ತಿ ನಡೆಯತೊಡಗಿತು.

ರಾತ್ರಿ ಟಾರ್ಚು ಹಿಡಿದವರೆಲ್ಲ ದಡದಲ್ಲಿ.
ಹಾಸನದ ರೈಲು ಸೇತುವೆ ಮೇಲೆ ಹಾದಾಗ
ಕಿಟಕಿಗಳ ಬೆಳಕು ನೀರಲ್ಲಿ ಚೂರಾಯಿತು;
ಆ ಚೂರುಗಳ ನಡುವೆ ಹುಡುಕಿದೆವು
ಗುಂಡಗಿನ ಒಂದು ಕಪ್ಪನ್ನು.
ರೈಲು ಹೋಯಿತು. ಕಪ್ಪು ಎಲ್ಲ ಕಡೆಯೂ ಇತ್ತು.

ಬೆಳಗಾದ ಮೇಲೆ ಕಬ್ಬಿನ ಗದ್ದೆಯ ಬದುವಿನಲ್ಲಿ
ಕಾಲು ಮೂಡಿದ ಹರಿಗೋಲೊಂದು ನಡೆದು ಬಂತು.
ಕೆಳಗೆ ಮಾವ.
ಹನ್ನೊಂದು ಮೈಲಿ, ಬಲೆ ಇಲ್ಲ, ಒಂದು ಚಪ್ಪಲಿ ಇಲ್ಲ.
ಕಾಫಿ ಕುಡಿದು ಹೇಳಿದರು:
"ಹುಟ್ಟು ಒಳಕ್ಕೆಳ್ಕಂಡು ತಳದಲ್ಲಿ ಕೂತ್ಕಬುಟ್ಟೆ ಕನವ್ವ.
ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ,
ಗಾಳಿಗೆ ಎಲ್ಲಿ ಹಿಡೀಬೇಕು ಗೊತ್ತಾಗಲ್ಲ.
ತಿರುಗಿಸ್ತು, ತಿರುಗಿಸ್ತು, ಅದಕ್ಕೇ ಬ್ಯಾಸರ ಆಯ್ತು."
ಲೋಟ ತೊಳೆಯಲು ನಾನು ಎದ್ದಾಗ
ಮೆಲ್ಲಗೆ: "ರೇಡಿಯೋದವ್ರು ಸುಳ್ಳೇಳ್ನಿಲ್ಲ.
ಅವ್ರ ಲೆಕ್ಕದಲ್ಲಿ ನಾವಿಲ್ಲ, ಅಷ್ಟೆ."

ಈಗ ಬೆಳಗಿನ ಐದಕ್ಕೆ ನಾನು ದಡದಲ್ಲಿ ನಿಂತು
ಫೋನಿನೊಳಗೆ ಮಾತಾಡುತ್ತೇನೆ, ಹದಿನೇಳು ಮನೆಗೆ:
ಸಾಗರಕಟ್ಟೆಯಿಂದ ಆನಂದೂರಿನವರೆಗೆ
ಗಾಳಿ ಪಡುವಲಿಂದ, ಸೆರಗು ಹಾರಿಸುವಷ್ಟು,
ಖಾಲಿ ಕೊಡ ಉರುಳಿಸುವಷ್ಟಿಲ್ಲ.
ಅಲೆ ಮೊಣಕಾಲಿನ ಕೆಳಗೆ;
ನಡುವೆ, ಮುಳುಗಿದ ಗದ್ದೆಗಳ ಮೇಲೆ, ಕೊಂಚ ಜಾಸ್ತಿ.
ಸೇತುವೆಯ ಐದನೇ ಕಂಬದ ಬಿಳಿ ಗೀಟು ಕಾಣುತ್ತಿದೆ.
ರೀವಗಳೆಲ್ಲ ಬಂಡೆಯ ಮೇಲೆ ಒಂದೇ ಕಡೆ ಮುಖ ಮಾಡಿ ಕೂತಿವೆ,
ನನಗದು ಸರಿ ಕಾಣುತ್ತಿಲ್ಲ.
ಎರಡು ಗಂಟೆಯೊಳಗೆ ಬಲೆ ಎತ್ತಿ.
ಕೆಂಪರಾಜು, ನಿನ್ನ ಹರಿಗೋಲಿನ ಡಾಂಬರು ಬಿಟ್ಟಿದೆ,
ನೀನು ಇಳಿಯಲೇಬೇಡ.

ಮುಗಿಸುವ ಹೊತ್ತಿಗೆ ಒಳಗಿನಿಂದ,
ಕಂಬಳಿಯ ಒಳಗಿನಿಂದ, ಮಾವನ ದನಿ:
"ಕಡಲೋರ್ಗೂ ಒಂದು ಮಾತು ಹೇಳ್ಬುಡವ್ವ,
ಇಲ್ಲಿ ಸದ್ಯಕ್ಕೆ ಎಲ್ಲ ಚೆಂದಾಗದೆ ಅಂತ."