ಒಂದು ಕೋಟಿಯ ತನಕ

ಉದ್ಯಮಬಾಗದ ಹಿಂದಿನ ಶೆಡ್ಡು, ರಾತ್ರಿ ಪಾಳಿ.
ಹದಿನೇಳನೇ ತುಂಡು ತಿರುಗುತ್ತಿದೆ:
ಕಿರುಬೆರಳ ಗಾತ್ರ, ನಡು ಸಣ್ಣ,
ತುದಿಗೆ ನಾನೇ ನೇತು ಹಾಕಿದ ತೂಕ.
ಸುತ್ತಿಗೊಮ್ಮೆ ಎಳೆತ, ಸುತ್ತಿಗೊಮ್ಮೆ ಒತ್ತು.
ಮೀಟರಿನಲ್ಲಿ ನಲವತ್ತೊಂದು ಲಕ್ಷ.
ಕೋಟಿ ದಾಟಿದರೆ ಪಾಸು.

ಮರಳಿನಚ್ಚು ಕಂಡ ಉಕ್ಕಲ್ಲ ಇದು.
ರಂಗೋಲಿಗಿಂತ ನುಣ್ಣನೆ ಪುಡಿ,
ಕೂದಲೆಳೆಯ ಅರ್ಧದಷ್ಟು ಹಾಸಿ
ಅದರ ಮೇಲೆ ಬೆಳಕಿನ ಗೆರೆ,
ಮತ್ತೆ ಹಾಸಿ ಮತ್ತೆ ಗೆರೆ,
ಎರಡು ಸಾವಿರ ಪದರಕ್ಕೆ
ಒಂದು ಬೆರಳು.

ಪಾಯಪ್ಪ ಹಂಜಿ ಗೇಟು ಬಿಟ್ಟು ಒಳಗೆ ಬಂದ,
ಎರಡು ಕಪ್ಪು ಚಹ.
ಮೂವತ್ತೊಂದು ವರ್ಷ ಮೋಲ್ಡರ್, ಈಗ ವಾಚ್‌ಮನ್.
ಎರಕವನ್ನು ಬಡಿದು, ಸಪ್ಪಳ ಕೇಳಿ
ಒಳಗಿನ ಗುಳ್ಳೆ ಹೇಳುತ್ತಿದ್ದನಂತೆ.
"ಉಸುಕಿಲ್ಲ, ಭಟ್ಟಿ ಇಲ್ಲ, ಹ್ಯಾಂಗ ಹುಟ್ಟತೈತಿ ಇದು?"
ಪುಡಿ ತೋರಿಸಿದೆ. ನಶ್ಯದ ಹಾಗೆ
ಮೂಗಿಗೆ ಹಿಡಿಯಹೋದ; ಕೈ ತಡೆದೆ.

ಒಂದೂವರೆಗೆ ಕರೆಂಟು ಹೋಯಿತು.
"ಇರ್ಲಿ ಬಿಡ ತಂಗಿ,
ಒಂದ್ ತಾಸು ದಣಿವಾರಿಸ್ಕೊಳ್ಳಿ ಪಾಪ."
ಇಲ್ಲ ಕಾಕಾ, ಎಂದೆ ಕತ್ತಲಿಗೆ,
ಇದರದ್ದು ಆರುವ ದಣಿವಲ್ಲ.
ಎಷ್ಟು ಹೊತ್ತು ನಿಂತರೂ
ಬಿಟ್ಟಲ್ಲಿಂದಲೇ ಲೆಕ್ಕ.
ಅವನು ಏನೂ ಅನ್ನಲಿಲ್ಲ.
ಖಾಕಿಯ ಮೇಲೆ ಅಂಗೈ ಉಜ್ಜುವ ಸಪ್ಪಳ,
ಬಲ ಭುಜ ಇರಬೇಕು.

ಬೆಳಗಿನ ಐದಕ್ಕೆ, ನಲವತ್ತಾರು ಲಕ್ಷಕ್ಕೆ ಮುರಿಯಿತು.
ಸದ್ದಿಲ್ಲ. ಮೀಟರು ನಿಂತದ್ದರಿಂದ ಗೊತ್ತಾದದ್ದು.

ದುರ್ಬೀನಿನ ಕೆಳಗೆ ಮುರಿದ ಮುಖ:
ಘಟಪ್ರಭೆ ಇಳಿದ ಮೇಲೆ ದಂಡೆಯ ರಾಡಿಯಲ್ಲಿ
ಒಂದರ ಹಿಂದೊಂದು ಉಳಿಯುವ ಬಾಗುಗೆರೆ.
ಬೆನ್ನು ಹತ್ತಿ ಹೋದರೆ ಎಲ್ಲವೂ
ಮೈಯ ಅಂಚಿನ ಒಂದೇ ತೂತಿಗೆ.
ತೂತಿನೊಳಗೆ
ಕರಗದೆ ಉಳಿದ ಪುಡಿಯ ಒಂದು ಕಾಳು,
ದುಂಡಗೆ, ಹೊಳೆಯುತ್ತ,
ಏನೂ ಆಗಿಲ್ಲವೆಂಬಂತೆ.

ಪಾಯಪ್ಪ ಕನ್ನಡಕ ಹಣೆಗೇರಿಸಿ ಕಣ್ಣಿಟ್ಟ.
"ಅಯ್ಯ! ನಮ್ಮ ಗುಳ್ಳಿನ ಇದು!
ಬೆಳಕಿನ ಕೈಯಾಗೂ ಬೀಳತೈತಿ?"
ನೆಂಟರು ಸಿಕ್ಕಂತೆ ನಕ್ಕ.
ಎಷ್ಟು ಪಂಪು ಇವನಿಂದ ವಾಪಸು ಬಂದಿದ್ದವೋ,
ಎಷ್ಟು ದಿನದ ಪಗಾರ ಹಿಡಿದಿದ್ದರೋ,
ಕೇಳಲಿಲ್ಲ.

ವಹಿಯಲ್ಲಿ ಬರೆದೆ: ಹದಿನೇಳು. ಫೇಲು. ಕಾರಣ, ರಂಧ್ರ.
ಹದಿನೆಂಟನೆಯದು ಬೇರೆ:
ಒತ್ತಡದಲ್ಲಿ ಬೇಯಿಸಿ ತೂತು ಮುಚ್ಚಿದ್ದು,
ಮೈ ಕನ್ನಡಿಯಷ್ಟು ತಿಕ್ಕಿದ್ದು.
ಹಚ್ಚುವ ಮೊದಲು ಅವನ ಕೈಗೆ ಕೊಟ್ಟೆ.
ಗೇಟಿನ ಕೀಲಿಯಿಂದ ಮೆಲ್ಲಗೆ ಬಡಿದ,
ಕಿವಿಗೆ ಹಿಡಿದ, ಇನ್ನೊಮ್ಮೆ ಬಡಿದ.

"ಸಪ್ಪಳೇನೋ ಚಲೋ ಐತಿ.
ಆದ್ರ ನಾ ಸಹಿ ಮಾಡೂದಿಲ್ಲ," ಎಂದ.
"ಹಚ್ಚು."